ಬೆಳಕಿಂಡಿಯ ರೇಂಜು

ನಮ್ಮ ಮನೆಯಲ್ಲಿ ಫೋನು ಬಡಿದುಕೊಂಡರೆ ಎಲ್ಲರೂ ಮೊದಲು ಮೇಲೆ ನೋಡುತ್ತೇವೆ. ಭಕ್ತಿಯಿಂದಲ್ಲ, ಬೇರೆ ಗತಿಯಿಲ್ಲದೆ. ಅಡುಗೆಮನೆಯ ಮಾಳಿಗೆಯಲ್ಲಿ, ಅಂದರೆ ಮೇಲಿನ ಮಣ್ಣಿನ ಚಾವಣಿಯಲ್ಲಿ, ಒಂದು ಬೆಳಕಿಂಡಿ ಇದೆ. ಎರಡು ಗೇಣು ಅಗಲದ ಚೌಕ ತೂತು, ಮಳೆ ಬಂದರೆ ಮುಚ್ಚಲು ಒಂದು ತಗಡು, ಅಷ್ಟೆ. ಹೊಗೆ ಹೋಗಲಿ, ಬೆಳಕು ಬರಲಿ ಎಂದು ನಮ್ಮ ಮುತ್ತಜ್ಜ ಬಿಡಿಸಿದ್ದು. ಮುಂದೊಂದು ದಿನ ಅದರೊಳಗಿಂದ ರೇಂಜು ಬರುತ್ತದೆ ಎಂದು ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ಫೋನಿಗೆ ಸಿಗ್ನಲ್ ಸಿಗುವುದಕ್ಕೆ ನಮ್ಮ ಕಡೆ ರೇಂಜು ಅನ್ನುತ್ತೇವೆ. ಅದು ನಮ್ಮ ಮನೆಯೊಳಗೆ ಬೆಳಕಿಂಡಿಯ ಕೆಳಗಿನ ಗೋಡೆಗೂಡಿಗೆ ಮಾತ್ರ ಇಳಿಯುತ್ತದೆ. ಆದ್ದರಿಂದ ಮನೆಮಂದಿಯ ಫೋನುಗಳೆಲ್ಲ ಆ ಗೂಡಿನಲ್ಲಿ ಒಟ್ಟಿಗೆ ಮಲಗಿರುತ್ತವೆ. ಯಾವುದು ಹೊಡೆದುಕೊಳ್ಳುತ್ತದೋ ಅದರ ಧಣಿ ಅದನ್ನು ಕಸಿದುಕೊಂಡು ಹಿತ್ತಲಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಓಡಬೇಕು. ನನ್ನ ಮೊಣಕಾಲು ಈಚೆಗೆ ಕರೆ ಮಾಡಿದವರ ಯೋಗ್ಯತೆ ನೋಡಿ ಏಳುತ್ತದೆ.

ಇಷ್ಟಾಗಿ ನಾನು ಲಕ್ಷ್ಮೇಶ್ವರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ವಿದ್ಯುತ್ಕಾಂತೀಯ ತರಂಗಗಳು ಎಂಬ ಪಾಠವನ್ನು ಪುಸ್ತಕ ನೋಡದೆ ಹೇಳುತ್ತೇನೆ. ತರಂಗಗಳು ಶೂನ್ಯದಲ್ಲೂ ಚಲಿಸುತ್ತವೆ ಎಂದು ನಾನು ಹಲಗೆಯ ಮೇಲೆ ಬರೆದು ಮನೆಗೆ ಬಂದರೆ ಅವ್ವ ಕೇಳುತ್ತಾಳೆ:

“ಏನ್ ತಮ್ಮಾ, ಊರ ಮಕ್ಕಳಿಗೆಲ್ಲಾ ತರಂಗ ಹಂಚಿ ಬಂದ್ಯಾ? ಮನಿಗೆ ಒಂದೆರಡು ಉಳಿಸ್ಕೊಂಡ್ ಬರಬಾರ್ದಿತ್ತು?”

ನಮ್ಮೂರು ಇರುವುದು ಮಾಗಡಿ ಕೆರೆಯ ಆಚೆ. ಚಳಿಗಾಲಕ್ಕೆ ಆ ಕೆರೆಗೆ ಹಿಮಾಲಯ ದಾಟಿ ಹಕ್ಕಿಗಳು ಬರುತ್ತವೆ. ಅಷ್ಟು ದೂರದ ಹಕ್ಕಿಗೆ ನಮ್ಮೂರ ದಾರಿ ಸಿಕ್ಕಿತು, ಗದಗಿನಿಂದ ಹೊರಟ ಸಿಗ್ನಲ್ಲಿಗೆ ಸಿಗಲಿಲ್ಲ. ಅತ್ತ ಮುಂಡರಗಿಯಿಂದ ಬರೋಣವೆಂದರೆ ನಡುವೆ ಗುಡ್ಡ. ಹೀಗೆ ಯಾವ ಊರಿಗೂ ಬೇಡವಾದ ನಮಗೆ ಮೊಬೈಲು ಬಂದ ಹೊಸತರಲ್ಲಿ ಇಡೀ ಊರಿಗೆ ರೇಂಜು ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ, ನಮ್ಮ ಮಾಳಿಗೆಯ ಮೇಲೆ, ಅದೂ ಬೆಳಕಿಂಡಿಯ ಪಕ್ಕ. ಎರಡು ಹೆಜ್ಜೆ ಸರಿದರೆ ಮಾತು ತುಂಡು. ಅಲ್ಲಿಯೇ ಏಕೆ ಎಂಬುದಕ್ಕೆ ನನ್ನ ಪದವಿಯಲ್ಲಿ ಉತ್ತರವಿಲ್ಲ. ಕಾಲೇಜಿನ ಸಹೋದ್ಯೋಗಿಗಳು ಕೇಳಿದರೆ ‘ಪ್ರತಿಫಲನ’ ಎಂದು ಗಂಭೀರವಾಗಿ ಹೇಳಿ ಚಹಾ ಕುಡಿಯುತ್ತಿದ್ದೆ.

ಆ ಕಾಲದ ಮೊಬೈಲು ನಿಮಗೆ ನೆನಪಿರಬಹುದು. ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಬೈಸಿಕೊಳ್ಳುವುದಕ್ಕೂ ನಮ್ಮದೇ ಖರ್ಚು. ಆಮೇಲೆ ಮಿಸ್‌ಕಾಲಿನ ಯುಗ ಬಂತು. ಕರೆಯನ್ನು ಎತ್ತಿದವನು ಮರ್ಯಾದೆಗೆಟ್ಟವನು ಎಂಬ ನಿಯಮ ಜಾರಿಯಾದದ್ದು ಆಗಲೇ. ಒಂದು ಮಿಸ್‌ಕಾಲು ಕೊಟ್ಟರೆ ಬಸ್ಸು ಹತ್ತಿದೆ, ಎರಡು ಕೊಟ್ಟರೆ ಬಸ್ಸು ತಪ್ಪಿತು. ಅಪ್ಪಿತಪ್ಪಿ ಯಾರಾದರೂ ಎತ್ತಿಬಿಟ್ಟರೆ ಆ ಕಡೆಯವರು, “ಎತ್ತಿದ್ಯಾಕಲೇ, ರೊಕ್ಕ ಹೋತಲ್ಲೋ!” ಎಂದು ಕೂಗಿ, ಅದನ್ನು ಕೂಗುವುದಕ್ಕೇ ಇನ್ನಷ್ಟು ರೊಕ್ಕ ಕಳೆಯುತ್ತಿದ್ದರು.

ಊರೆಲ್ಲ ನಮ್ಮ ಮಾಳಿಗೆಗೆ ಬರುತ್ತಿತ್ತು. ಉಳ್ಳಾಗಡ್ಡಿಯ ಧಾರಣೆ ಕೇಳುವವರು, ಬೀಗರ ಜತೆ ಜಗಳಾಡುವವರು, ಸಾಲು ಹಿಡಿದು ಮೆಣಸಿನಕಾಯಿ ಒಣಹಾಕಿದ್ದರ ನಡುವೆ ಕಾಲಿಡಲು ಜಾಗ ಹುಡುಕುತ್ತ ನಿಲ್ಲುತ್ತಿದ್ದರು. ನಮ್ಮ ಓಣಿಯ ಬಸಣ್ಣ ಒಮ್ಮೆ ಬೆಳಕಿಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬೀಜದ ಅಂಗಡಿಯವನಿಗೆ ಕೂಗಿ ಹೇಳುತ್ತಿದ್ದ: “ನಾ ಊರಾಗ ಇಲ್ರಿ, ಗದಗ ಬಸ್‌ಸ್ಟ್ಯಾಂಡಿನ್ಯಾಗ ಅದೀನ್ರಿ!” ಅದೇ ಗಳಿಗೆಗೆ ಕೆಳಗಿನಿಂದ ನಮ್ಮ ಎಮ್ಮೆ ಒದರಿತು. ಆ ಕಡೆಯವನು ಏನು ಕೇಳಿದನೋ, ಬಸಣ್ಣ ತಡವರಿಸದೆ, “ಹಾರ್ನ್ ರೀ ಅದು, ಮುಂಡರಗಿ ಗಾಡಿದು” ಅಂದ. ಅಂದಿನಿಂದ ನಮ್ಮ ಎಮ್ಮೆಗೆ ಮುಂಡರಗಿ ಗಾಡಿ ಎಂದೇ ಹೆಸರು.

ಇಷ್ಟು ಜನ ಇಷ್ಟು ದಿನ ಅಲ್ಲಿ ಕೂತು ಮಾತಾಡಿದರೂ ಒಂದು ವಿಷಯ ಯಾರಿಗೂ ಹೊಳೆಯಲಿಲ್ಲ. ಬೆಳಕಿಂಡಿಯ ಕೆಳಗೆ ನಮ್ಮ ಅಡುಗೆಮನೆ. ಅಡುಗೆಮನೆಯಲ್ಲಿ ಒಲೆ, ಒಲೆಯ ಮುಂದೆ ಅವ್ವ. ಮೇಲೆ ಆಡಿದ ಮಾತು ಒಂದಕ್ಷರವೂ ಸೋರಿಹೋಗದೆ ನೇರ ಅವಳ ಕಿವಿಗೆ ಬೀಳುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಸುಮ್ಮನೆ ಹಾಳುಹರಟೆಯಾದರೆ ಪಟಪಟ ಸದ್ದು ನಡೆದೇ ಇರುತ್ತಿತ್ತು. ಮಾತಿನಲ್ಲಿ ಸತ್ವ ಬಂತೋ, ಸದ್ದು ನಿಂತಿತು. ಮೇಲಿನವರ ಮಾತು ಅವಳಿಗೆ ಸರಿಕಂಡರೆ ಮತ್ತೆ ಶುರುವಾಗುತ್ತಿತ್ತು. ಸರಿಕಾಣದಿದ್ದರೆ ಆ ರೊಟ್ಟಿ ಹಾಗೇ ತಣ್ಣಗೆ ಕೂರುತ್ತಿತ್ತು. ಊರಿನ ಅರ್ಧ ಮದುವೆಗಳ ಬಗ್ಗೆ ಅವ್ವನ ಅಭಿಪ್ರಾಯ ನಮಗೆ ರೊಟ್ಟಿಯ ಆಕಾರದಿಂದ ತಿಳಿಯುತ್ತಿತ್ತು.

ಈಗ ಅಪ್ಪನ ವಿಷಯ ಹೇಳಬೇಕು. ಅಪ್ಪ ಲಕ್ಷ್ಮೇಶ್ವರದ ಒಂದು ಅಡತಿ ಅಂಗಡಿಯಲ್ಲಿ ಹತ್ತಿ, ಶೇಂಗಾ ತೂಕ ಮಾಡಿಸುವ ಕೆಲಸದಲ್ಲಿದ್ದ. ಸಾಹುಕಾರರು ಬೇಕಾದಾಗ ಕರೆಯಲು ಅವನಿಗೊಂದು ಫೋನು ಕೊಡಿಸಿದ್ದರು. ಹಿಡಿದರೆ ಕೈ ಬಾಗುವಷ್ಟು ಭಾರದ ಬಟನ್ ಫೋನು. ಆಗ ಅಜ್ಜಿ, ಅಂದರೆ ಅಪ್ಪನ ತಾಯಿ, ಇದ್ದಳು. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಆಡಳಿತ ನಡೆಸುತ್ತಿದ್ದಳು. ಹಿರಿಯರ ಎದುರು ಗಂಡ ಹೆಂಡತಿಯನ್ನು ಕರೆದು ಮಾತಾಡಿಸುವುದೆಂದರೆ ಲಜ್ಜೆಗೇಡಿತನ ಎಂಬುದು ಅವಳ ಕಾಯಿದೆ. ಐವತ್ತು ದಾಟಿದ ಅಪ್ಪ ಆ ಕಾಯಿದೆಯನ್ನು ಹೊಸ ಮದುಮಗನ ಹಾಗೆ ಪಾಲಿಸುತ್ತಿದ್ದ. ಏನಾದರೂ ಬೇಕಿದ್ದರೆ ಗೋಡೆಗೆ ಹೇಳಿದಂತೆ, “ನಿಮ್ಮವ್ವಗ ಹೇಳು, ನೀರ ಕೊಡಂತ” ಅನ್ನುತ್ತಿದ್ದ. ನಿಮ್ಮವ್ವ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದಳು.

ಇಂಥ ಮೌನಿ ಅಪ್ಪ ಮಾಳಿಗೆ ಹತ್ತಿದರೆ ಮಾತ್ರ ಬೇರೆ ಮನುಷ್ಯ. ಅವನಿಗೆ ಮುಂಡರಗಿಯಲ್ಲಿ ಶಿವಣ್ಣ ಎಂಬ ಗೆಳೆಯನಿದ್ದ. ಅಂಗಡಿಯಿಂದ ಬಂದು ಊಟ ಮುಗಿಸಿ, ಫೋನು ತೆಗೆದುಕೊಂಡು ಮೇಲೆ ಹೋಗಿ ಬೆಳಕಿಂಡಿಯ ಪಕ್ಕ ಕೂತು ಶುರು ಮಾಡುತ್ತಿದ್ದ:

“ಏ ಶಿವಣ್ಣಾ, ಆರಾಮೇನಪಾ? ಇವತ್ತ ನಮ್ಮನ್ಯಾಗ ಬದನಿಕಾಯಿ ಎಣಗಾಯಿ ಭಾಳ ಚಲೋ ಆಗಿತ್ತ ನೋಡು. ಊಟ ಮಾಡೋಮುಂದ ಹೇಳಾಕ ಆಗಲಿಲ್ಲ, ಮಂದಿ ಇದ್ರು.”

ಮಂದಿ ಎಂದರೆ ಅಜ್ಜಿ. ಇನ್ನೊಂದು ದಿನ, “ಶಿವಣ್ಣಾ, ಮುಂಜಾನಿಂದ ಕೆಮ್ಮಾಕತ್ತೀದಿ ನೀನು. ಗುಳಗಿ ತಂದೀನಿ. ಗೂಡಿನ್ಯಾಗ ಇಟ್ಟೀನಿ, ಉಂಡಮ್ಯಾಲ ತೊಗೋ” ಅಂದ. ಮುಂಡರಗಿಯ ಶಿವಣ್ಣನ ಕೆಮ್ಮಿಗೆ ನಮ್ಮ ಮನೆಯ ಗೂಡಿನಲ್ಲಿ ಗುಳಿಗೆ ಏಕೆ ಎಂಬ ಪ್ರಶ್ನೆ ಭೌತಶಾಸ್ತ್ರದ ಪದವೀಧರನಾದ ನನಗೆ ಬರಲಿಲ್ಲ. ಯಾರದೋ ಕೈಯಲ್ಲಿ ಕಳಿಸುತ್ತಾನೇನೋ ಅಂದುಕೊಂಡೆ. ಅವ್ವ ಅಂದು ಬೆಳಗಿನಿಂದ ಕೆಮ್ಮುತ್ತಿದ್ದದ್ದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅಜ್ಜಿಗೆ ಮಾತ್ರ ಶಿವಣ್ಣನ ಮೇಲೆ ಕೆಂಡದಂಥ ಸಿಟ್ಟು. ತನ್ನ ಜತೆ ನಾಲ್ಕು ಮಾತಾಡದ ಮಗ ಅವನ ಜತೆ ತಾಸುಗಟ್ಟಲೆ ಮಾತಾಡುತ್ತಾನೆಂದರೆ ಏನರ್ಥ? ಒಂದು ದಿನ ಊರುಗೋಲು ಹಿಡಿದು ಮೆಟ್ಟಿಲು ಹತ್ತಿಯೇಬಿಟ್ಟಳು.

“ಕೊಡ ಇಲ್ಲೆ ಆ ಫೋನು. ಆ ಶಿವಣ್ಣಗ ಎರಡು ಮಾತು ಕೇಳ್ತೀನಿ. ಅವಗೇನ್ ಹೆಂಡ್ತಿ ಮಕ್ಕಳಿಲ್ಲೇನು?”

ಅಪ್ಪ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು, ಮುಖ ಸಪ್ಪಗೆ ಮಾಡಿ, “ರೇಂಜ್ ಹೋತಬೇ” ಅಂದ.

ಈ ದೇಶದಲ್ಲಿ ಮೊಬೈಲು ತಂತ್ರಜ್ಞಾನ ಎಷ್ಟೋ ಮುಂದುವರಿದಿದೆ. ಆದರೆ ಆ ಎರಡು ಮಾತಿಗಿಂತ ಉಪಯುಕ್ತವಾದದ್ದನ್ನು ಅದು ಇನ್ನೂ ಕಂಡುಹಿಡಿದಿಲ್ಲ. ಅಜ್ಜಿ ಆಕಾಶಕ್ಕೆ ಒಂದಿಷ್ಟು ಬೈದು ಕೆಳಗಿಳಿದಳು. ಅಡುಗೆಮನೆಯಲ್ಲಿ ಅಷ್ಟು ಹೊತ್ತು ನಿಂತಿದ್ದ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು, ತುಸು ಜೋರಾಗಿಯೇ.

ಅಜ್ಜಿ ಹೋದಮೇಲೂ ಶಿವಣ್ಣ ಹೋಗಲಿಲ್ಲ. ನನ್ನ ಮದುವೆಯಾಗಿ ಗಿರಿಜಾ ಈ ಮನೆಗೆ ಬಂದಾಗ ಅವನಿನ್ನೂ ಚಾಲ್ತಿಯಲ್ಲಿದ್ದ. ಅಜ್ಜಿಯಿಲ್ಲದ ಮೇಲೆ ಮನೆಯಲ್ಲಿ ಎದುರೆದುರೇ ಮಾತಾಡಲು ಅಪ್ಪನಿಗೆ ಯಾರ ಅಡ್ಡಿಯೂ ಇರಲಿಲ್ಲ ಎಂಬುದು ಆಗ ನನಗೆ ಲೆಕ್ಕಕ್ಕೆ ಬಂದಿರಲಿಲ್ಲ. ನಮ್ಮ ಮದುವೆಗೆ ಶಿವಣ್ಣ ಬರಲಿಲ್ಲ. ಮಗಳ ನಾಮಕರಣಕ್ಕೂ ಬರಲಿಲ್ಲ. “ಕೆಲಸ ಭಾಳ ಅವಗ” ಎಂದು ಅಪ್ಪ ಹೇಳುತ್ತಿದ್ದ.

ಅಪ್ಪ ತೀರಿಕೊಂಡ ದಿನ ನಾನು ಅವನ ಫೋನು ಹಿಡಿದು ಒಬ್ಬೊಬ್ಬರಿಗೇ ಸುದ್ದಿ ತಿಳಿಸುತ್ತ ಕೂತಿದ್ದೆ. ಶಿವಣ್ಣನ ನಂಬರು ಹುಡುಕಿದೆ. ಇಲ್ಲ. ಬೇರೆ ಹೆಸರಿನಲ್ಲಿರಬಹುದು ಎಂದು ಮತ್ತೆ ಹುಡುಕಿದೆ. ಕಡೆಗೆ ಅವ್ವನ ಹತ್ತಿರ ಹೋಗಿ, ಮುಂಡರಗಿ ಶಿವಣ್ಣನ ಮನೆ ಯಾವ ಓಣಿಯಲ್ಲಿದೆ, ಯಾರನ್ನಾದರೂ ಕಳಿಸುತ್ತೇನೆ ಎಂದೆ. ಅತ್ತೂ ಅತ್ತೂ ಮುಖ ಊದಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

“ಯಾರನ್ನೂ ಕಳಸಬ್ಯಾಡೋ ತಮ್ಮಾ. ಅವಗ ಮೊದಲs ಗೊತ್ತಾಗೇತಿ. ಆ ಶಿವಣ್ಣ ನಾನs ಅದೀನಿ.”

ಆ ಫೋನಿನಿಂದ ಅಪ್ಪ ಮಾಳಿಗೆ ಮೇಲಿಂದ ಯಾರಿಗೂ ಕರೆ ಮಾಡುತ್ತಲೇ ಇರಲಿಲ್ಲವಂತೆ. ಬರೀ ಕಿವಿಗೆ ಹಚ್ಚಿಕೊಳ್ಳುತ್ತಿದ್ದನಂತೆ. ರೇಂಜು ಹೋದದ್ದೂ ಸುಳ್ಳು, ಬಂದದ್ದೂ ಸುಳ್ಳು. ಆ ದಿನ ನನಗೆ ಅಪ್ಪ ಸತ್ತದ್ದಕ್ಕಿಂತ, ಅಪ್ಪ ಹಾಗೆ ಬದುಕಿದ್ದ ಎಂಬುದು ಹೆಚ್ಚು ಅಳು ತರಿಸಿತು.

ಮುಂದೆ ನೆಟ್‌ವರ್ಕಿನ ತಲೆಮಾರುಗಳು ಒಂದರ ಹಿಂದೊಂದು ಬಂದವು. ಮೂರನೆಯದು ಬಂದಾಗ ಮುಖ ನೋಡಿ ಮಾತಾಡಬಹುದು ಎಂದರು. ಶಿರಹಟ್ಟಿಯ ನನ್ನ ಸೋದರಮಾವ ಒಮ್ಮೆ ಬಾಯಿ ತೆರೆದಾಗ ಚಿತ್ರ ಅಲ್ಲೇ ನಿಂತುಬಿಟ್ಟು, ಒಂದು ಗಳಿಗೆ ನಾವೆಲ್ಲ ಅವರ ದವಡೆಹಲ್ಲನ್ನು ಮಾತಾಡಿಸಿದೆವು. ನಾಲ್ಕನೆಯದರ ಹೊತ್ತಿಗೆ ಊರ ಶಾಲೆಯ ಹಿಂದೆಯೇ ಟವರು ಎದ್ದಿತು. ಮಾಳಿಗೆಗೆ ಮಂದಿ ಬರುವುದು ನಿಂತಿತು. ಅವರವರ ಮನೆಯಲ್ಲಿ, ಅವರವರ ಹಾಸಿಗೆಯಲ್ಲಿ, ಅವರವರ ಪಾಯಖಾನೆಯಲ್ಲಿ ರೇಂಜು ಸಿಕ್ಕಿತು. ಮುಂಜಾನೆ ಎದ್ದರೆ ಹೂವಿನ ಚಿತ್ರದ ಮೇಲೆ ಶುಭೋದಯ ಕಳಿಸುವ ಬಸಣ್ಣ, ಎದುರಿಗೆ ಸಿಕ್ಕರೆ ತಲೆಯೆತ್ತದೆ ಹೋಗುವುದನ್ನು ಕಲಿತ. ಅವ್ವ ಸ್ವಲ್ಪ ದಿನ ಮೇಲೆ ನೋಡಿ ನೋಡಿ, “ಊರಾಗ ಯಾರೂ ಜಗಳಾನ ಆಡವಲ್ರಲ್ಲೋ” ಎಂದು ಪೇಚಾಡಿಕೊಂಡಳು.

ತಮಾಷೆಯೆಂದರೆ, ಊರಿಗೆಲ್ಲ ರೇಂಜು ಹಂಚಿದ ನಮ್ಮ ಮನೆಗೇ ಅದು ಬರಲಿಲ್ಲ. ಗೋಡೆಗಳು ಎರಡು ಮೊಳ ದಪ್ಪದ ಮಣ್ಣಿನವು. ಐದನೆಯ ತಲೆಮಾರಂತೂ ಇನ್ನೂ ನಾಜೂಕು. ತರಂಗದ ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವ ಶಕ್ತಿ ಕಡಿಮೆ ಎಂದು ನಾನೇ ಪಾಠ ಹೇಳುತ್ತೇನಲ್ಲ, ಅದು ನನ್ನ ಮನೆಯಲ್ಲೇ ಪ್ರಯೋಗಸಹಿತ ಸಾಬೀತಾಯಿತು. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಸಕ್ಕರೆಯಂಥ ದನಿಯ ಹುಡುಗಿ ಕೇಳಿದಳು:

“ಸರ್, ಈಗ ನೀವು ಎಲ್ಲಿಂದ ಮಾತಾಡ್ತಿದ್ದೀರಿ?”

“ಮಾಳಗಿ ಮ್ಯಾಲಿಂದ್ರಿ.”

“ಅಲ್ಲಿ ನೆಟ್‌ವರ್ಕ್ ಬರ್ತಿದೆ ಅಲ್ವಾ ಸರ್?”

“ಬರ್ತೈತ್ರಿ, ಅದಕ್ಕs ನಿಮ್ ಕೂಡ ಮಾತಾಡಾಕತ್ತೀನಿ.”

“ಹಾಗಾದ್ರೆ ನಿಮ್ಮ ದೂರನ್ನ ಬಗೆಹರಿಸಲಾಗಿದೆ ಸರ್. ನಿಮ್ಮ ದಿನ ಶುಭವಾಗಿರಲಿ.”

ಕಡೆಗೆ ಮನೆಯಲ್ಲಿ ಸಭೆ ಸೇರಿತು. ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವುದು, ಗೋಡೆಗಳನ್ನು ಇಟ್ಟಿಗೆಯಲ್ಲಿ ಎಬ್ಬಿಸುವುದು, ಬೆಳಕಿಂಡಿಯನ್ನು ಮುಚ್ಚಿ ಗೋಡೆಗೊಂದು ಫ್ಯಾನು ಕೂರಿಸುವುದು ಎಂದು ತೀರ್ಮಾನವಾಯಿತು. ಎಲ್ಲರಿಗಿಂತ ಹೆಚ್ಚು ಹಟ ಗಿರಿಜಾಳದು. ಅದು ನ್ಯಾಯವೂ ಹೌದು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಿ ತುಳಿಸುವವಳು ಅವಳು, ಆದರೂ ಸೋರಿದಾಗ ಹಾಸಿಗೆಯ ಸುತ್ತ ಪಾತೇಲಿ ಇಡುವವಳೂ ಅವಳು. ನನ್ನ ಕಾರಣ ರೇಂಜು. ಕಬ್ಬಿಣದ ಸರಳು ತುಂಬಿದ ಸ್ಲ್ಯಾಬು ಮಣ್ಣಿಗಿಂತ ಚೆನ್ನಾಗಿ ತರಂಗ ತಡೆಯುತ್ತದಲ್ಲ ಅಪ್ಪಾ ಎಂದು ಮಗಳು ಕೇಳಿದಾಗ, ಅದು ಮುಂದಿನ ತರಗತಿಯ ಪಾಠ ಎಂದು ಬಾಯಿ ಮುಚ್ಚಿಸಿದೆ.

“ಅವ್ವಾ, ನಿನಗೇನನಸ್ತೈತಿ?” ಎಂದು ಕೇಳಿದೆ.

“ನನಗೇನೋ. ನೀವು ಇರೋರು, ನೀವು ಕಟ್ಟಸ್ರಿ. ಚಲೋನ ಆತು” ಅಂದಳು ಅವ್ವ. ಎಷ್ಟು ಬೇಗ ಅಂದಳೆಂದರೆ ನನಗೆ ಸಮಾಧಾನವೇ ಆಗಿಬಿಟ್ಟಿತು. ಅವಳು ಮಾತ್ರ ಮರುದಿನದಿಂದ ಊಟ ಕಡಿಮೆ ಮಾಡಿದಳು. ಒಲೆಯ ಮುಂದೆ ಕೂತು ಸುಮ್ಮನೆ ಮೇಲೆ ನೋಡುವಳು. ಏನಬೇ ಎಂದರೆ, ಏನಿಲ್ಲ ಬಿಡೋ. ಗಿರಿಜಾಳೂ ಕೇಳಿ ನೋಡಿದಳು, ಅದೇ ಉತ್ತರ. ಮೇಸ್ತ್ರಿ ಬಂದು ಅಳತೆ ಮಾಡಿಕೊಂಡು ಹೋದ. ಸೋಮವಾರ ಕೆಡವಲು ಶುರು ಮಾಡುವುದೆಂದು ನಿಗದಿಯಾಯಿತು.

ಅದಕ್ಕೆ ಹಿಂದಿನ ದಿನ, ಭಾನುವಾರ ಮಧ್ಯಾಹ್ನ. ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ನಾನು ತಟ್ಟೆ ಹಿಡಿದು ಒಲೆಯ ಮಗ್ಗುಲಲ್ಲಿ ಕೂತಿದ್ದೆ. ಅವ್ವ ಕಾಣಲಿಲ್ಲ. ಅಷ್ಟರಲ್ಲಿ ಮೇಲಿಂದ ಅವಳ ದನಿ ಬಂತು, ಫೋನಿನಲ್ಲಿ ಮಾತಾಡುವಾಗಿನ ದೊಡ್ಡ ದನಿ. ಯಾರ ಫೋನು ಬಂತಪ್ಪ ಎಂದು ಗೂಡಿನ ಕಡೆ ನೋಡಿದೆ. ಅವ್ವನ ಫೋನು ಅಲ್ಲೇ ಚಾರ್ಜಿಗೆ ಬಿದ್ದಿತ್ತು. ಅದರ ಹಿಂದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಅಪ್ಪನ ಹಳೆಯ ಬಟನ್ ಫೋನು ಇರುತ್ತಿತ್ತು. ಬ್ಯಾಟರಿ ಉಬ್ಬಿ ಸತ್ತು ಯಾವ ಕಾಲವಾಯಿತೋ. ಚೀಲ ಅಲ್ಲೇ ಇತ್ತು, ಫೋನು ಇರಲಿಲ್ಲ.

“ಯಾರು, ಶಿವಣ್ಣೇನಪಾ?” ಎಂದಳು ಅವ್ವ.

ನನ್ನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು.

“ಹಾಂ, ಆರಾಮ ಅದೀನಿ. ನಾಳಿಂದ ಮನಿ ಕೆಡವ್ತಾರ ನೋಡು. ಕೆಡವಲಿ, ಬ್ಯಾಡನ್ನಾಂಗಿಲ್ಲ ನಾನು. ಮಳಿ ಬಂದ್ರ ನಮ್ಮ ಗಿರಿಜಾ ಪಾತೇಲಿ ಹಿಡ್ಕೊಂಡು ಓಡ್ಯಾಡೋದು ನೋಡಾಕಾಗಂಗಿಲ್ಲ, ಹೊಟ್ಟಿ ಉರೀತೈತಿ. ಆಕಿ ಭಾಳ ತಾಳ್ಕೊಂಡಾಳ. ಎದುರಿಗೆ ಹೇಳಾಕ ನನಗ ಬರಂಗಿಲ್ಲ, ನಿನಗ ಹೇಳಾಕತ್ತೀನಿ.”

ರೊಟ್ಟಿಯ ಸದ್ದು ನಿಂತಿತು. ಗಿರಿಜಾ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ಮೇಲೆ ನೋಡಿದಳು.

“ಒಂದs ಒಂದು ಮಾತೈತಿ ಶಿವಣ್ಣಾ. ಆ ಬೆಳಕಿಂಡಿ ಒಂದು ಬಿಡ್ರಿ ಅಂತ ಹೇಳಬೇಕಂದ್ರ ಬಾಯಿ ಬರವಲ್ದು. ನಗ್ತಾರ. ಮುದುಕಿಗೆ ತೂತು ಯಾಕ ಅಂತಾರ. ಅವರು ನನ್ನ ಕೂಡ ಮಾತಾಡಿದ್ದು ಏನೈತಿ, ಎಲ್ಲಾ ಅದರಾಗಿಂದನ ಮಾತಾಡ್ಯಾರ. ಮಾರಿ ನೋಡಿ ಒಂದಿನಾನೂ ಮಾತಾಡಲಿಲ್ಲ ಆ ಪುಣ್ಯಾತ್ಮ. ಅದನ್ನೂ ಮುಚ್ಚಿದ್ರ, ನೆನಪಾದಾಗ ನಾನು ಯಾವ ಕಡೆ ಮಾರಿ ಮಾಡ್ಲಿ?”

ಆಮೇಲೆ ಅವ್ವ ಸುಮ್ಮನಾದಳು. ಕರೆ ಮುಗಿಸಲಿಲ್ಲ. ಬೆಳಕಿಂಡಿಯ ಚೌಕದಲ್ಲಿ ಅವಳ ಸೀರೆಯ ಅಂಚು ಕಾಣುತ್ತಿತ್ತು. ಅವಳು ಕಾಯುತ್ತಿದ್ದಾಳೆ ಎಂಬುದು ಭೌತಶಾಸ್ತ್ರದ ಮೇಷ್ಟರಿಗೂ ತಿಳಿಯಿತು. ಎದ್ದು ಕೂಗಿ ಏನಾದರೂ ಹೇಳಬೇಕು ಅನ್ನಿಸಿತು, ಆದರೆ ತಟ್ಟೆ ಕೆಳಗಿಟ್ಟೆ, ಅಷ್ಟೆ. ಅಪ್ಪನ ಮಗನಲ್ಲವೇ, ನನಗೂ ಎದುರಿಗೆ ಹೇಳಲು ಬರುವುದಿಲ್ಲ.

ಗಿರಿಜಾ ನನ್ನ ಕಡೆ ನೋಡಿದಳು. ಕಣ್ಣು ತುಂಬಿದ್ದವು. ನಾನು ಹೂಂ ಅಂದೆನೋ ಇಲ್ಲವೋ ನೆನಪಿಲ್ಲ. ಅವಳು ಕಾಯಲೂ ಇಲ್ಲ. ಇನ್ನೊಂದು ಹಿಡಿ ಹಿಟ್ಟು ಉದುರಿಸಿಕೊಂಡು, ಎರಡೂ ಕೈಯಿಂದ, ಓಣಿಗೆಲ್ಲ ಕೇಳುವ ಹಾಗೆ ರೊಟ್ಟಿ ಬಡಿಯಲು ಶುರು ಮಾಡಿದಳು.

ಮೇಲೆ ಸೀರೆಯ ಅಂಚು ಅಲುಗಿತು.

“ಹಾಂ ಶಿವಣ್ಣಾ, ಕೇಳ್ತು” ಎಂದಳು ಅವ್ವ. “ಆತು, ಇಡ್ತೀನಿ. ಹಸಿವ್ಯಾಗೇತಿ.”